‘ಪಥೇರ್ ಪಾಂಚಾಲಿ’ ಮುಗಿಸಿದವರು ‘ಅಪರಾಜಿತೊ’ ಓದುವ ಬಗೆ

ಬಿಭೂತಿಭೂಷಣರ ಬಂಗಾಳಿ ಕಾದಂಬರಿ ‘ಪಥೇರ್ ಪಾಂಚಾಲಿ’ಯ ಮುಂದಿನ ಭಾಗವಾದ ‘ಅಪರಾಜಿತೊ’ ಓದಬೇಕೇ ಎಂದು ಕೇಳುವವರಿಗೆ ಉತ್ತರವನ್ನು ಮೊದಲೇ ಕೊಟ್ಟುಬಿಡುವುದು ಒಳ್ಳೆಯದು: ಓದಬೇಕು. ‘ಪಥೇರ್ ಪಾಂಚಾಲಿ’ಯಷ್ಟು ಚೆನ್ನಾಗಿದೆಯೇ ಎಂದರೆ, ಇಡಿಯಾಗಿ ತೂಗಿ ನೋಡಿದಾಗ ಇಲ್ಲ. ನಡುಭಾಗ ಸಡಿಲ. ಕಾಕತಾಳೀಯಗಳು ಹೆಚ್ಚು. ಕಥಾನಾಯಕ ಅಪು ಆಕಾಶ ನೋಡುತ್ತ ಹುಟ್ಟುಸಾವಿನ ವಿಚಾರಕ್ಕೆ ಇಳಿದನೆಂದರೆ ಬೇಗ ಮುಗಿಸುವವನಲ್ಲ. ಆದರೂ ತಾಯಿ ಸರ್ಬಜಯಾಳ ಕೊನೆಯ ದಿನಗಳು ಮತ್ತು ಪುಸ್ತಕದ ಕೊನೆಗೆ ಅಪು ಊರಿಗೆ ಮರಳುವ ಭಾಗ, ಇವೆರಡು ಮೊದಲ ಕಾದಂಬರಿಗೂ ದಕ್ಕದ್ದನ್ನು ದಕ್ಕಿಸಿಕೊಂಡಿವೆ. ಅಲ್ಲಿಗೆ ಮುಟ್ಟುವ ಮೊದಲೇ ಪುಸ್ತಕ ಮಡಚಿಟ್ಟವರ ದೂರಿನಲ್ಲಿ ಅರ್ಧ ಕಾದಂಬರಿಗೆ ಸಲ್ಲಬೇಕು, ಇನ್ನರ್ಧ ಅದನ್ನು ಓದಲು ಕೂತ ರೀತಿಗೆ. ಯಾಕೆಂದರೆ ಓದುಗರ ತಲೆಯಲ್ಲಿ ಮೊದಲ ಭಾಗದ್ದು ಏನು ಉಳಿದಿದೆಯೋ ಅದೇ ಈ ಎರಡನೆಯ ಭಾಗದ ಬಂಡವಾಳ. ಆ ನೆನಪು ತೆಳುವಾಗಿದ್ದರೆ, ಅಥವಾ ಬೇರೆಲ್ಲಿಂದಲೋ ಬಂದ ನೆನಪಾಗಿದ್ದರೆ, ಕೊನೆಯ ಅಧ್ಯಾಯಗಳು ಊರು ನೋಡಿ ಬಂದವರ ವರದಿಯ ಹಾಗೆ ಸರಿದುಹೋಗುತ್ತವೆ.

ಇಲ್ಲಿ ಕಥೆಯ ತಿರುವುಗಳನ್ನು ಮುಚ್ಚಿಟ್ಟಿಲ್ಲ ಎಂದು ಮೊದಲೇ ಹೇಳಬೇಕು. ಯಾರು ಸಾಯುತ್ತಾರೆ ಎಂದು ಗೊತ್ತಾದರೆ ಕೆಡುವ ಬಗೆಯ ಕಾದಂಬರಿ ಇದಲ್ಲ.

ಬಿಭೂತಿಭೂಷಣ ಬಂದ್ಯೋಪಾಧ್ಯಾಯ (1894–1950) ‘ಪಥೇರ್ ಪಾಂಚಾಲಿ’ ಬರೆದದ್ದು ಬಿಹಾರದ ಭಾಗಲ್ಪುರದ ಕಡೆ ಒಂದು ಜಮೀನ್ದಾರಿ ಎಸ್ಟೇಟಿನ ಕೆಲಸದಲ್ಲಿದ್ದಾಗ, ಇಚ್ಛಾಮತಿ ನದಿಯ ದಡದ ತಮ್ಮೂರಿನಿಂದ ದೂರ ಕೂತು. ‘ಬಿಚಿತ್ರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅದು 1929ರಲ್ಲಿ ಪುಸ್ತಕವಾಯಿತು. ‘ಅಪರಾಜಿತೊ’ ಕೂಡ ಮೊದಲು ‘ಪ್ರಬಾಸಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1932ರಲ್ಲಿ ಪುಸ್ತಕರೂಪ ಕಂಡಿತು. ಎರಡರ ನಡುವೆ ಮೂರೇ ವರ್ಷ. ಹಾಗಾಗಿ, ಹೆಸರು ಮಾಡಿದ ಕೃತಿಗೆ ದಶಕಗಳಾದ ಮೇಲೆ ಯಾರದೋ ಒತ್ತಾಯಕ್ಕೆ ಹೆಣೆದ ಎರಡನೆಯ ಭಾಗಗಳಲ್ಲಿ ಕಾಣುವ ಕಾಯಿಲೆಗಳು ಇದಕ್ಕೆ ತಟ್ಟಿಲ್ಲ. ಲೇಖಕನ ದನಿ ಬದಲಾಗಿಲ್ಲ, ಹಳೆಯ ಪಾತ್ರಗಳು ಹೊಸ ಕಾಲದ ಮಾತು ಆಡುವುದಿಲ್ಲ. ಧಾರಾವಾಹಿಯ ಗುರುತು ಮಾತ್ರ ಮೈಮೇಲೆ ಉಳಿದಿದೆ. ಒಂದು ಭೇಟಿ, ಒಂದು ಸಣ್ಣ ಸಂತೋಷ, ಒಂದು ಅಗಲಿಕೆ, ಮತ್ತೆ ಇನ್ನೊಂದು ಭೇಟಿ, ಹೀಗೆ ತುಂಡುತುಂಡಾಗಿ ನಡೆಯುತ್ತದೆ. ಒಂದೇ ಪಟ್ಟಿಗೆ ಕೂತು ಬಹಳ ಪುಟ ಓದಿದರೆ ಈ ಲಯ ಬೇಸರ ತರಿಸುತ್ತದೆ. ದಿನಕ್ಕೆ ಎರಡು ಮೂರು ಅಧ್ಯಾಯದಂತೆ ಓದಿದರೆ ಅದೇ ಲಯ ಹಿಡಿಸುತ್ತದೆ.

ಶುರು ಮಾಡುವ ಮುಂಚೆ ಮಾಡಬೇಕಾದ ಮೊದಲ ಕೆಲಸ, ಕೈಯಲ್ಲಿರುವ ‘ಪಥೇರ್ ಪಾಂಚಾಲಿ’ ಪೂರ್ತಿ ಇದೆಯೇ ಎಂದು ನೋಡಿಕೊಳ್ಳುವುದು. ಬಂಗಾಳಿ ಮೂಲದಲ್ಲಿ ಮೂರು ಭಾಗಗಳಿವೆ. ‘ಬಲ್ಲಾಲಿ ಬಾಲಾಯ್’ ಚಿಕ್ಕದು, ಮುದುಕಿ ಇಂದಿರ್ ಠಾಕ್ರುಣಳ ಸಾವಿಗೆ ಮುಗಿಯುತ್ತದೆ. ‘ಆಮ್ ಆಂಟಿರ್ ಭೇಂಪು’ ಅಪು ಮತ್ತು ಅವನ ಅಕ್ಕ ದುರ್ಗಾರ ಬಾಲ್ಯ. ಪುಸ್ತಕವೆಂದರೆ ಇದೇ ಎಂದು ಎಲ್ಲರ ಮನಸ್ಸಿನಲ್ಲಿ ಕೂತಿರುವುದು ಈ ಭಾಗ. ಮೂರನೆಯದು ‘ಅಕ್ರೂರ್ ಸಂಬಾದ್’, ಊರು ಬಿಟ್ಟ ಮೇಲಿನ ಕಥೆ: ಕಾಶಿ, ಅಪುವಿನ ತಂದೆ ಹರಿಹರನ ಸಾವು, ಸರ್ಬಜಯಾ ಶ್ರೀಮಂತರ ಮನೆಯೊಂದರಲ್ಲಿ ಅಡುಗೆ ಕೆಲಸಕ್ಕೆ ನಿಲ್ಲುವುದು, ಆ ಮನೆಯಲ್ಲಿ ಅಪುವಿಗೆ ಬೀಳುವ ಬೆತ್ತದೇಟು, ಅದೇ ಮನೆಯ ಹುಡುಗಿ ಲೀಲಾಳ ಗೆಳೆತನ. ಟಿ.ಡಬ್ಲ್ಯು. ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿ ಮಾಡಿದ 1968ರ ಇಂಗ್ಲಿಷ್ ಅನುವಾದದಲ್ಲಿ ಈ ಮೂರನೆಯ ಭಾಗವೇ ಇಲ್ಲ. ಕುಟುಂಬ ತಮ್ಮ ಹಳ್ಳಿ ನಿಶ್ಚಿಂದಿಪುರ ಬಿಟ್ಟು ರೈಲು ಹತ್ತುವಲ್ಲಿಗೆ ಅದು ನಿಲ್ಲುತ್ತದೆ. ಅನುವಾದ ತೀರ ಒಳ್ಳೆಯದು, ಊರು ಬಿಡುವ ದೃಶ್ಯದಲ್ಲಿ ನಿಲ್ಲಿಸಿದ್ದಕ್ಕೆ ಕಲೆಯ ದೃಷ್ಟಿಯಿಂದ ಸಮರ್ಥನೆಯೂ ಇದ್ದೀತು. ಎರಡನೆಯ ಕಾದಂಬರಿ ಓದಹೊರಟವರಿಗೆ ಮಾತ್ರ ಅದು ಅರ್ಧ ದಾರಿಯಲ್ಲಿ ಇಳಿಸಿಹೋದ ಬಸ್ಸು.

ಪರೀಕ್ಷೆ ಸುಲಭ. ನಿಮ್ಮ ಪ್ರತಿಯ ಕೊನೆಯ ಪುಟದಲ್ಲಿ ಹರಿಹರ ಬದುಕಿದ್ದರೆ ಪುಸ್ತಕ ಅಪೂರ್ಣ. ದಾರಿಯ ದೇವತೆ ನಕ್ಕು, ನಿಮ್ಮೂರಿನ ಬಿದಿರುಮೆಳೆಯಲ್ಲಿ ನನ್ನ ದಾರಿ ಮುಗಿಯಲಿಲ್ಲ, ಮುಂದೆ ನಡೆ ಎಂದು ಹುಡುಗನಿಗೆ ಹೇಳುವ ಮಾತಿನಿಂದ ಮುಗಿದಿದ್ದರೆ ಪೂರ್ತಿ.

ಇಷ್ಟೇಕೆ ಮುಖ್ಯ? ‘ಅಪರಾಜಿತೊ’ ತೆರೆದುಕೊಳ್ಳುವುದು ಸರ್ಬಜಯಾ ಅಡುಗೆಗೆ ನಿಂತ ರಾಯಚೌಧುರಿಗಳ ಮನೆಯ ದೊಡ್ಡ ಗೇಟಿನ ಮುಂದೆ, ಭಾನುವಾರದ ಭಿಕ್ಷುಕರ ಗುಂಪು ಇನ್ನೂ ಚದುರದ ಇಳಿಮಧ್ಯಾಹ್ನದಲ್ಲಿ. ಪೂರ್ತಿ ಓದಿದವರಿಗೆ ಈ ಗೇಟು ಗೊತ್ತು. ಒಳಗೆ ಯಾವ ಕೆಳಕೋಣೆಯಲ್ಲಿ ತಾಯಿ ಮಗ ಇದ್ದಾರೆ, ಎಂಥ ಅವಮಾನ ನುಂಗಿದ್ದಾರೆ ಎಂಬುದೂ ಗೊತ್ತು. ಅರ್ಧ ಓದಿದವರಿಗೆ ಇದು ಯಾರ ಮನೆ, ಹರಿಹರ ಎಲ್ಲಿ, ಬ್ರಾಹ್ಮಣರ ಮನೆಯ ಗೃಹಿಣಿ ಇನ್ನೊಬ್ಬರ ಒಲೆ ಮುಂದೆ ಏಕೆ ಕೂತಿದ್ದಾಳೆ ಎಂದು ತಿಳಿಯುವುದೇ ಇಲ್ಲ. ಅದಕ್ಕಿಂತ ದೊಡ್ಡ ನಷ್ಟ ಲೀಲಾಳದ್ದು. ಎರಡನೆಯ ಕಾದಂಬರಿಯಲ್ಲಿ ಅವಳು ಹಳೆಯ ಗೆಳತಿಯಾಗಿ ಮರಳುತ್ತಾಳೆ. ಹಿಂದಿನದು ಓದದಿದ್ದರೆ ದೊಡ್ಡ ಮನೆಯ ಯಾರೋ ಹುಡುಗಿ ಕಾರಣವಿಲ್ಲದೆ ಬಡ ಹುಡುಗನ ಮೇಲೆ ಅಕ್ಕರೆ ತೋರಿಸಿದಂತೆ ಕಾಣುತ್ತದೆ, ಮತ್ತು ಆ ಅನುಮಾನ ಕೊನೆಯವರೆಗೂ ಹೋಗುವುದಿಲ್ಲ.

ಎರಡನೆಯ ತೊಡಕು ಸಿನಿಮಾ. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೊ’ (1956), ‘ಅಪುರ್ ಸಂಸಾರ್’ (1959), ಈ ಮೂರನ್ನೂ ನೋಡಿದವರು ಕಾದಂಬರಿ ಗೊತ್ತು ಎಂದುಕೊಳ್ಳುತ್ತಾರೆ. ಹೆಸರುಗಳೇ ದಾರಿ ತಪ್ಪಿಸುತ್ತವೆ. ‘ಅಪರಾಜಿತೊ’ ಚಿತ್ರದ ಕಾಶಿಯ ಭಾಗ ಬಂದಿರುವುದು ಮೊದಲ ಕಾದಂಬರಿಯ ಕೊನೆಯಿಂದ. ಚಿತ್ರ ಮುಗಿಯುವುದು ಎರಡನೆಯ ಕಾದಂಬರಿಯ ಸುಮಾರು ಮೂರನೇ ಒಂದು ಪಾಲಿಗೆ. ಉಳಿದ ಎರಡು ಪಾಲಿನಿಂದ ಆಯ್ದುಕೊಂಡದ್ದು ‘ಅಪುರ್ ಸಂಸಾರ್’. ಆಯ್ಕೆ ಎಂದರೆ ಕಟ್ಟುನಿಟ್ಟಿನ ಆಯ್ಕೆ. ಲೀಲಾ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಚಿತ್ರದ ಅಪು ತಾನು ಬರೆದ ಕಾದಂಬರಿಯ ಹಾಳೆಗಳನ್ನು ಬೆಟ್ಟದ ಮೇಲಿಂದ ಗಾಳಿಗೆ ತೂರುತ್ತಾನೆ. ಪುಸ್ತಕದ ಅಪು ಅದನ್ನು ಬರೆದು ಮುಗಿಸುತ್ತಾನೆ, ಅಚ್ಚು ಹಾಕಿಸುತ್ತಾನೆ, ಹೆಸರನ್ನೂ ಪಡೆಯುತ್ತಾನೆ. ಚಿತ್ರ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಡುವ ತಂದೆಯಲ್ಲಿ ಮುಗಿದರೆ, ಪುಸ್ತಕದಲ್ಲಿ ಅದರ ಮುಂದಿನದೇ ಮುಖ್ಯ.

ಮೊದಲ ಭಾಗದ ವಿಷಯದಲ್ಲೂ ಹೀಗೆಯೇ. ಕಾಸ್ ಹುಲ್ಲಿನ ಬಯಲಲ್ಲಿ ಹೊಗೆಯುಗುಳುತ್ತ ಬರುವ ರೈಲು ಯಾರಿಗೆ ಮರೆತೀತು? ಆದರೆ ಕಾದಂಬರಿಯ ದುರ್ಗಾ ರೈಲನ್ನು ನೋಡುವುದೇ ಇಲ್ಲ. ಕಾಯಿಲೆ ಬಿದ್ದವಳು ಒಂದು ದಿನ ರೈಲು ತೋರಿಸುತ್ತೀಯಾ ಎಂದು ತಮ್ಮನನ್ನು ಕೇಳಿ ಹೋಗಿಬಿಡುತ್ತಾಳೆ. ದುರ್ಗಾ ಕದ್ದದ್ದು ಚಿತ್ರದಲ್ಲಿ ಮಣಿಸರ, ಅಪು ಅದನ್ನು ಎಸೆಯುವುದು ಕೊಳಕ್ಕೆ. ಕಾದಂಬರಿಯಲ್ಲಿ ಅದು ಚಿನ್ನದ ಪುಟ್ಟ ಸಿಂಧೂರದ ಭರಣಿ, ಎಸೆಯುವುದು ಬಿದಿರುಮೆಳೆಗೆ. ಇಂದಿರ್ ಠಾಕ್ರುಣ್ ಚಿತ್ರದಲ್ಲಿ ಅಪುವಿನ ಜೊತೆ ಆಡುವಷ್ಟು ಕಾಲ ಇರುತ್ತಾಳೆ, ಕಾದಂಬರಿಯಲ್ಲಿ ಅವನು ಕೂಸಾಗಿದ್ದಾಗಲೇ ತೀರಿಕೊಳ್ಳುತ್ತಾಳೆ. ಇವೆಲ್ಲ ಸಣ್ಣ ವ್ಯತ್ಯಾಸ ಎನಿಸಬಹುದು. ಆದರೆ ಎರಡನೆಯ ಭಾಗದಲ್ಲಿ ಅಪು ಎಲ್ಲಿಗೆ ಹೋದರೂ ಜೊತೆಯಲ್ಲಿ ಹೊತ್ತು ತಿರುಗುವುದು ಕಾದಂಬರಿಯ ಅಕ್ಕನನ್ನು, ರೈಲು ನೋಡದೆ ಹೋದವಳನ್ನು. ಅವನು ಹತ್ತುವ ಪ್ರತಿ ರೈಲಿನ ಹಿಂದೆ ಆ ಬಾಕಿ ಇದೆ. ಚಿತ್ರದ ನೆನಪಿನಲ್ಲಿ ಓದಿದರೆ ಆ ಬಾಕಿ ಲೆಕ್ಕಕ್ಕೇ ಬರುವುದಿಲ್ಲ. ಕೊನೆಯ ಪಕ್ಷ ದುರ್ಗಾಳ ಕೊನೆಯ ಅಧ್ಯಾಯಗಳನ್ನಾದರೂ ಪುಸ್ತಕದಲ್ಲಿ ಮತ್ತೊಮ್ಮೆ ಓದಿಯೇ ಮುಂದಕ್ಕೆ ಹೋಗಿ.

ಇನ್ನು ಪುಸ್ತಕದ ಒಳಗೆ. ರಾಯಚೌಧುರಿಗಳ ಮನೆಯಿಂದ ತಾಯಿ ಮಗನನ್ನು ಬಿಡಿಸಿ ಮನಸಾಪೋತಾ ಎಂಬ ಹಳ್ಳಿಗೆ ಕರೆತರುವವನು ಒಬ್ಬ ವಯಸ್ಸಾದ ದೂರದ ನೆಂಟ. ಅಪು ಅಲ್ಲಿ ಪೌರೋಹಿತ್ಯಕ್ಕೆ ನಿಲ್ಲುತ್ತಾನೆ, ಅಕ್ಕಿ ಬಾಳೆಹಣ್ಣು ಗಂಟು ಕಟ್ಟಿಕೊಂಡು ಬರುವ ಮಗನನ್ನು ನೋಡಿ ಸರ್ಬಜಯಾಳಿಗೆ ಜನ್ಮ ಸಾರ್ಥಕ ಎನಿಸುತ್ತದೆ. ಅವನಿಗೆ ಶಾಲೆ ಬೇಕು. ಶಾಲೆಯಿಂದ ವಿದ್ಯಾರ್ಥಿವೇತನ, ಅದರಿಂದ ದೇವಾನ್‌ಪುರದ ಹೈಸ್ಕೂಲು ಮತ್ತು ಹಾಸ್ಟೆಲು, ಅಲ್ಲಿಂದ ಕಲ್ಕತ್ತದ ರಿಪನ್ ಕಾಲೇಜು. ಮಗ ಒಂದೊಂದು ಮೆಟ್ಟಿಲು ಹತ್ತಿದಂತೆ ತಾಯಿ ಒಂದೊಂದು ಮೆಟ್ಟಿಲು ಹಿಂದೆ ಉಳಿಯುತ್ತಾಳೆ. ಇದರಲ್ಲಿ ಯಾರದೂ ತಪ್ಪಿಲ್ಲ, ಅದೇ ಕಷ್ಟ. ಬಿಭೂತಿಭೂಷಣರು ಮಗನನ್ನು ಕೃತಘ್ನನನ್ನಾಗಿಯೂ ಮಾಡುವುದಿಲ್ಲ, ತಾಯಿಯನ್ನು ತ್ಯಾಗಮೂರ್ತಿಯನ್ನಾಗಿಯೂ ಮಾಡುವುದಿಲ್ಲ. ಮೊದಲ ಕಾದಂಬರಿಯಲ್ಲಿ ಇಂದಿರ್ ಠಾಕ್ರುಣಳನ್ನು ಮನೆಯಿಂದ ಹೊರಗೆ ಹಾಕಿದ ಸರ್ಬಜಯಾಳೇ ಇವಳು ಎಂಬುದನ್ನು ಮರೆಯದೆ ಓದಿದರೆ ಅವಳ ಒಂಟಿ ಮುಪ್ಪಿಗೆ ಇನ್ನೊಂದು ಅರ್ಥ ಬರುತ್ತದೆ. ಕಾದಂಬರಿಕಾರರು ಆ ಹೋಲಿಕೆಯನ್ನು ಎತ್ತಿ ತೋರಿಸಲು ಹೋಗುವುದಿಲ್ಲ.

ಅವಳ ಸಾವು ಬರುವ ಪುಟಗಳನ್ನು ನಿಧಾನವಾಗಿ ಓದಬೇಕು. ಜ್ವರ ಏರಿದ ರಾತ್ರಿ, ಮನೆಯಲ್ಲಿ ಯಾರೂ ಇಲ್ಲ. ಸಾವು ಅವಳ ಬಳಿ ಬರುವುದು ಭಯಂಕರ ರೂಪದಲ್ಲಲ್ಲ. ಕಾಲೇಜು ಓದುವ ಈಗಿನ ಮಗನ ರೂಪದಲ್ಲೂ ಅಲ್ಲ. ನಿಶ್ಚಿಂದಿಪುರದ ಪುಟ್ಟ ಅಪುವಾಗಿ ಬಂದು ನಿಲ್ಲುತ್ತದೆ. ಮಗ ಬೆಳೆದು ದೂರವಾದದ್ದನ್ನೆಲ್ಲ ಅವಳ ಮನಸ್ಸು ಕೊನೆಯ ಗಳಿಗೆಯಲ್ಲಿ ಅಳಿಸಿಹಾಕಿದೆ. ಇದಾದ ಮೇಲೆ ಬರುವುದು ಬಂಗಾಳಿ ಕಾದಂಬರಿಯಲ್ಲೇ ಅತಿ ಧೈರ್ಯದ ಸಾಲುಗಳಲ್ಲಿ ಕೆಲವು. ತಾಯಿ ಸತ್ತ ಸುದ್ದಿ ಕೇಳಿದಾಗ ಅಪುವಿನ ಮನಸ್ಸಿನಲ್ಲಿ ಮೊದಲು ಏಳುವುದು ಬಿಡುಗಡೆಯ ಭಾವ, ಕಟ್ಟು ಕಳಚಿದ ಹಗುರ. ಮರುಗಳಿಗೆಗೇ ಅವನು ತನಗೆ ತಾನೇ ಹೆದರುತ್ತಾನೆ. ದುಃಖ ಆಮೇಲೆ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ಲೇಖಕರು ಇದಕ್ಕೆ ಸಮಜಾಯಿಷಿ ಕೊಡುವುದಿಲ್ಲ, ಮಗನನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ಇಲ್ಲ. ರೇ ಅವರನ್ನು ಈ ಕಾದಂಬರಿಯತ್ತ ಎಳೆದದ್ದು ಈ ಸಾಲುಗಳೇ. 1957ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ಅವರ ಚಿತ್ರ ಬಂಗಾಳದ ಚಿತ್ರಮಂದಿರಗಳಲ್ಲಿ ಸೋತಿತು ಎಂಬುದನ್ನು ನೆನೆದರೆ, ತಾಯಿ ಮಗನ ನಂಟನ್ನು ಹೀಗೆ ತೆರೆದಿಡುವುದು ಎಷ್ಟು ಮುಜುಗರದ ಮಾತಾಗಿತ್ತು ಎಂದು ಊಹಿಸಬಹುದು.

ಕಲ್ಕತ್ತದ ಅಧ್ಯಾಯಗಳಲ್ಲಿ ಹಸಿವಿನ ವಿವರ ಖಚಿತವಾಗಿದೆ, ಪಾತ್ರಗಳ ಗುಂಪು ಮಾತ್ರ ಗೊಂದಲ ಹುಟ್ಟಿಸುತ್ತದೆ. ಸಹಪಾಠಿಗಳು ಒಬ್ಬರ ಹಿಂದೊಬ್ಬರು ಬರುತ್ತಾರೆ, ಒಂದೆರಡು ಚರ್ಚೆ ಮಾಡುತ್ತಾರೆ, ಕಾಣೆಯಾಗುತ್ತಾರೆ. ಎಲ್ಲರನ್ನೂ ನೆನಪಿಡಲು ಹೆಣಗಬೇಡಿ. ಪ್ರಣವನನ್ನು ಹಿಡಿದುಕೊಳ್ಳಿ, ಯಾಕೆಂದರೆ ಅಪುವಿನ ಮದುವೆಗೆ ಕಾರಣನಾಗುವವನು ಅವನು. ಲೀಲಾಳನ್ನು ಹಿಡಿದುಕೊಳ್ಳಿ. ಉಳಿದವರು ಹೋದರೆ ಹೋಗಲಿ. ಅಪು ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದುವ, ಪಠ್ಯ ಬಿಟ್ಟು ಬೇರೆಲ್ಲ ಓದುವ ಪುಟಗಳು ಚೆನ್ನಾಗಿವೆ. ಓದಿದ್ದರ ಬಗ್ಗೆ ಅವನು ಉದ್ದುದ್ದ ಯೋಚಿಸುವ ಪುಟಗಳು ಅಷ್ಟಿಲ್ಲ. ಕಾದಂಬರಿಯ ಬಗ್ಗೆ ಇರುವ ದೂರುಗಳಲ್ಲಿ ಪೂರ್ತಿ ನ್ಯಾಯವಾದದ್ದು ಇದೇ. ‘ಪಥೇರ್ ಪಾಂಚಾಲಿ’ಯಲ್ಲಿ ಬೆರಗು ಒಂದು ಕಾಯಿ, ಒಂದು ಹೂವು, ಒಂದು ಹುಣಸೆ ಬೋಟಿನ ಮೇಲೆ ಕೂತಿರುತ್ತಿತ್ತು. ಇಲ್ಲಿ ಅದಕ್ಕೆ ಕಾಲ, ಅನಂತ, ಜನ್ಮಾಂತರ ಮುಂತಾದ ದೊಡ್ಡ ಮಾತುಗಳು ಬೇಕಾಗುತ್ತವೆ. ಮಗು ನೋಡಿದಾಗ ವಸ್ತು ಕಾಣುತ್ತಿತ್ತು, ಯುವಕ ನೋಡಿದಾಗ ನೋಡುತ್ತಿರುವವನೇ ಹೆಚ್ಚು ಕಾಣುತ್ತಾನೆ. ಇಂಥ ಪುಟಗಳಲ್ಲಿ ಕಣ್ಣು ಬೇಗ ಓಡಿಸಿದರೂ ನಷ್ಟವಿಲ್ಲ.

ಮದುವೆಯ ಪ್ರಸಂಗ ಇವತ್ತಿನ ಓದುಗರಿಗೆ ನಂಬಲಾಗದ್ದು. ಪ್ರಣವನ ಜೊತೆ ಖುಲ್ನಾ ಕಡೆಯ ಹಳ್ಳಿಗೆ ಅವನ ಸೋದರಮಾವನ ಮಗಳ ಮದುವೆ ನೋಡಲು ಹೋದ ಅಪು, ವರ ಹುಚ್ಚನೆಂದು ತಿಳಿದ ಗಳಿಗೆಯಲ್ಲಿ ತಾನೇ ವರನಾಗಬೇಕಾಗುತ್ತದೆ. ಲಗ್ನ ತಪ್ಪಿದ ಹುಡುಗಿಗೆ ಮುಂದೆ ಮದುವೆಯೇ ಇಲ್ಲ ಎಂಬ ಕಟ್ಟಳೆಯ ಸಮಾಜದಲ್ಲಿ ಅದು ಹೆಣ್ಣಿನವರ ಕೊನೆಯ ದಾರಿ. ಕಾಕತಾಳೀಯವನ್ನು ಒಮ್ಮೆ ಒಪ್ಪಿಕೊಂಡರೆ ಆಮೇಲೆ ಸಿಗುವ ಅಪು–ಅಪರ್ಣಾ ಸಂಸಾರದ ಪುಟಗಳು ಹಿತವಾಗಿವೆ. ಅವು ಬೇಗ ಮುಗಿದುಹೋಗುತ್ತವೆ. ಅಪರ್ಣಾ ತವರಲ್ಲಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ, ಮಗ ಕಾಜಲ್ ಉಳಿಯುತ್ತಾನೆ. ಬಿಭೂತಿಭೂಷಣರ ಮೊದಲ ಹೆಂಡತಿ ಗೌರಿಯೂ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡವರು. ಈ ಅಧ್ಯಾಯಗಳ ಬಿಗಿ ಅಲ್ಲಿಂದ ಬಂದಿರಬಹುದು. ಆದರೂ ಅಪರ್ಣಾ ನಮಗೆ ಪೂರ್ತಿ ಪರಿಚಯವಾಗುವ ಮೊದಲೇ ಹೋಗಿಬಿಡುತ್ತಾಳೆ ಎಂಬುದು ನಿಜ. ದುರ್ಗಾಳಿಗೆ ಸಿಕ್ಕ ಪುಟಗಳ ಒಂದು ಪಾಲೂ ಅವಳಿಗೆ ಸಿಕ್ಕಿಲ್ಲ.

ಇಲ್ಲಿಂದ ಮುಂದೆ ಚಾಪ್‌ದಾನಿ. ಬಹಳ ಓದುಗರು ಸುಸ್ತಾಗುವುದು, ಕೆಲವರು ಪುಟ ಹಾರಿಸುವುದು ಇಲ್ಲೇ. ಹಾರಿಸಬೇಡಿ. ಸಣ್ಣ ಊರಿನ ಶಾಲಾ ಮಾಸ್ತರನಾಗಿ ಅಪು ಇಸ್ಪೀಟು, ಹರಟೆ, ಸೋಮಾರಿತನಗಳಲ್ಲಿ ಕರಗಿಹೋಗುವ ಈ ಭಾಗ ಬೇಕೆಂದೇ ಮಂಕಾಗಿದೆ. ವಿಶೇಷ ಹುಡುಗ, ಎಲ್ಲರಿಗಿಂತ ಬೇರೆ ಎಂದು ಎರಡು ಕಾದಂಬರಿಯುದ್ದಕ್ಕೂ ನಾವು ನಂಬಿಕೊಂಡು ಬಂದವನು ಎಲ್ಲರಂತೆ ಆಗಬಲ್ಲ ಎಂದು ತೋರಿಸುವುದು ಈ ಅಧ್ಯಾಯಗಳು ಮಾತ್ರ. ಇವನ್ನು ಬಿಟ್ಟರೆ ಮುಂದಿನ ಮಧ್ಯಭಾರತದ ಕಾಡಿನ ಭಾಗ ಬರಿಯ ಪ್ರಕೃತಿ ವರ್ಣನೆಯಾಗಿ ಉಳಿಯುತ್ತದೆ. ಇವನ್ನು ಓದಿ ಅಲ್ಲಿಗೆ ಹೋದರೆ ಉಸಿರು ಕಟ್ಟಿದವನಿಗೆ ಗಾಳಿ ಸಿಕ್ಕಂತಾಗುತ್ತದೆ. 1939ರಲ್ಲಿ ಬಂದ, ಇದೇ ಲೇಖಕರ ‘ಆರಣ್ಯಕ’ ಓದಿ ಮೆಚ್ಚಿದವರಿಗೆ ಅದರ ಮೊಳಕೆ ಇಲ್ಲೇ ಕಾಣುತ್ತದೆ.

ಲೀಲಾಳ ವಿಷಯದಲ್ಲಿ ಮಾತ್ರ ಲೇಖಕರನ್ನು ಸುಲಭಕ್ಕೆ ಬಿಡಲಾಗುವುದಿಲ್ಲ. ಬುದ್ಧಿವಂತೆ, ಧೈರ್ಯವಂತೆ, ಅಪುವನ್ನು ಸರಿಸಮನಾಗಿ ಕಂಡ ಒಬ್ಬಳೇ ಹೆಣ್ಣು. ಅವಳ ಮದುವೆ ಕೆಡುತ್ತದೆ, ಬದುಕು ದಾರಿ ತಪ್ಪುತ್ತದೆ, ಕೊನೆಗೆ ಆತ್ಮಹತ್ಯೆ. ಇದರಲ್ಲಿ ಹೆಚ್ಚಿನದು ನಮಗೆ ಗೊತ್ತಾಗುವುದು ಅಪು ನಡುನಡುವೆ ಭೇಟಿ ಕೊಟ್ಟಾಗ ಕಂಡಷ್ಟೇ. ಅವಳ ಮನೆಯೊಳಗೆ ಅವಳ ಕಣ್ಣಿನಿಂದ ನೋಡುವ ಅವಕಾಶವನ್ನು ಕಾದಂಬರಿ ತೆಗೆದುಕೊಳ್ಳುವುದೇ ಇಲ್ಲ. ಸರ್ಬಜಯಾಳ ಒಳಗನ್ನು ಅಷ್ಟು ಬಲ್ಲವರು ಲೀಲಾಳ ಬಾಗಿಲಲ್ಲೇ ನಿಂತುಬಿಟ್ಟರು. ರೇ ಅವರ ಚಿತ್ರಗಳಲ್ಲಿ ಅವಳಿಲ್ಲದ್ದು ಕೊರತೆಯಾಗಿ ಕಾಣದಿರುವುದಕ್ಕೆ ಪುಸ್ತಕದಲ್ಲೇ ಅವಳು ಅಂಚಿನಲ್ಲಿ ಉಳಿದದ್ದೂ ಒಂದು ಕಾರಣ.

ಈಗ ಕೊನೆಯ ಭಾಗ. ಅದಕ್ಕೆ ಕೈ ಹಾಕುವ ಮುನ್ನ ಎರಡು ಮೂರು ದಿನ ಬಿಡುವು ಕೊಟ್ಟು, ‘ಪಥೇರ್ ಪಾಂಚಾಲಿ’ಯ ಎರಡನೆಯ ಭಾಗದಲ್ಲಿ ಊರಿನ ಭೂಗೋಳ ಬರುವ ಅಧ್ಯಾಯಗಳ ಮೇಲೆ ಕಣ್ಣಾಡಿಸಿಕೊಳ್ಳಿ: ಮನೆಯ ಹಿಂದಿನ ಬಿದಿರುಮೆಳೆ, ನೀಲಿ ಕುಠಿಯ (ನೀಲಿ ಬಣ್ಣ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯ) ಬಯಲು, ನದಿಯ ಘಾಟು, ಪಕ್ಕದ ಮನೆಯವರ ತೋಟ. ಹೆಸರುಗಳಲ್ಲಿ ರಾಣುವನ್ನು ಮುಖ್ಯವಾಗಿ ನೆನಪಿಟ್ಟುಕೊಳ್ಳಿ, ಅಪು ರಾಣುದಿ ಎಂದು ಕರೆಯುತ್ತಿದ್ದ ನೆರೆಮನೆಯ ಹುಡುಗಿ. ಒಂದು ಚೀಟಿಯಲ್ಲಿ ಇಷ್ಟು ಬರೆದು ಪುಸ್ತಕದಲ್ಲಿ ಇಟ್ಟುಕೊಂಡರೂ ಸಾಕು.

ಯಾಕೆಂದರೆ ಇಲ್ಲಿ ಎರಡನೆಯ ಕಾದಂಬರಿ ಮೊದಲನೆಯದನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ. ಅಪು ಬರೆದ ಪುಸ್ತಕ ತನ್ನ ಹಳ್ಳಿಯ ಬಾಲ್ಯದ್ದು. ನಾವು ಓದಿ ಬಂದದ್ದು ಅದೇ ಇರಬಹುದಲ್ಲ ಎಂಬ ಅನುಮಾನ ಹುಟ್ಟುತ್ತದೆ, ಲೇಖಕರು ಹೌದು ಅಲ್ಲ ಎನ್ನದೆ ಸುಮ್ಮನಿರುತ್ತಾರೆ. ಆಮೇಲೆ ಮಗ ಕಾಜಲ್‌ನನ್ನು ಕರೆದುಕೊಂಡು ಇಪ್ಪತ್ತನಾಲ್ಕು ವರ್ಷದ ಮೇಲೆ ಅವನು ಊರಿಗೆ ಬರುತ್ತಾನೆ. ಮನೆ ಇದ್ದ ಜಾಗವನ್ನು ಕಾಡು ತಿಂದಿದೆ. ನೆನಪಿನಲ್ಲಿ ದೊಡ್ಡದಾಗಿದ್ದ ದೂರಗಳೆಲ್ಲ ಗಿಡ್ಡವಾಗಿವೆ. ಅಪು ಕಾಣುವುದು ಇದ್ದದ್ದನ್ನು, ಕಾಜಲ್ ಕಾಣುವುದು ಇರುವುದನ್ನು. ಒಂದೇ ದಾರಿಯಲ್ಲಿ ನಡೆಯುವ ಇಬ್ಬರಿಗೂ ಎರಡು ಬೇರೆ ಊರು. ಮೊದಲ ಭಾಗವನ್ನು ಚೆನ್ನಾಗಿ ನೆನಪಿಟ್ಟ ಓದುಗರಿಗೆ ಮಾತ್ರ ಎರಡೂ ಊರು ಒಟ್ಟಿಗೆ ಕಾಣುತ್ತವೆ. ಲೇಖಕರು ಇಲ್ಲಿ ಹಳೆಯ ಘಟನೆಗಳನ್ನು ಮತ್ತೆ ವಿವರಿಸುವ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಹೆಸರು ಹೇಳಿ ಮುಂದೆ ಹೋಗುತ್ತಾರೆ, ಉಳಿದ ಕೆಲಸ ನಮ್ಮದು.

ಕೊನೆಗೆ ಅಪು ಕಾಜಲ್‌ನನ್ನು ರಾಣುದಿಯ ಮಡಿಲಿಗೆ ಒಪ್ಪಿಸಿ ಸಮುದ್ರ ದಾಟಿ ಫಿಜಿಯ ಕಡೆಗೆ ಹೊರಟುಬಿಡುತ್ತಾನೆ. ಇದನ್ನು ಓದಿ ಸಿಟ್ಟಾಗುವವರಿದ್ದಾರೆ, ಆಗುವುದು ಸರಿಯೇ. ಹೆಂಡತಿ ಸತ್ತಾಗ ಮಗುವನ್ನು ವರ್ಷಗಟ್ಟಲೆ ನೋಡದೆ ಇದ್ದವನು, ಒಮ್ಮೆ ಪಡೆದು ಮತ್ತೆ ಬಿಡುತ್ತಾನೆ. ಕಾದಂಬರಿ ಈ ನಿರ್ಗಮನವನ್ನು ಹರಸುತ್ತದೆ, ದಾರಿಯ ದೇವತೆಯ ಕರೆ ಎಂಬಂತೆ. ಆದರೆ ಇನ್ನೊಂದು ಲೆಕ್ಕವೂ ಇದೆ. ‘ಪಥೇರ್ ಪಾಂಚಾಲಿ’ಯಲ್ಲಿ ಮನೆಯವರನ್ನು ಬಿಟ್ಟು ತಿಂಗಳುಗಟ್ಟಲೆ ಊರೂರು ಅಲೆಯುತ್ತಿದ್ದ, ದುರ್ಗಾ ಸತ್ತಾಗಲೂ ಮನೆಯಲ್ಲಿಲ್ಲದ ಹರಿಹರನನ್ನು ನಾವು ಮನ್ನಿಸಿದ್ದು ಕಷ್ಟದಿಂದ. ಅಪು ಮಾಡುವುದೂ ಅದನ್ನೇ, ಬಡತನದ ನೆಪವೂ ಇಲ್ಲದೆ. ತಂದೆಯ ದೋಷ ಮಗನಲ್ಲಿ ಕನಸಿನ ಬಟ್ಟೆ ತೊಟ್ಟು ಮರಳಿದೆ. ಇದು ಲೇಖಕರು ಬೇಕೆಂದು ಇಟ್ಟದ್ದೋ, ಅರಿವಿಲ್ಲದೆ ಬಂದದ್ದೋ ಎಂಬುದರ ಮೇಲೆ ಓದುಗರು ಜಗಳವಾಡಬಹುದು. ಜಗಳಕ್ಕೆ ಒಂದು ಸುಳಿವು ಕೊನೆಯ ಪುಟದಲ್ಲೇ ಇದೆ: ಕಾದಂಬರಿ ಮುಗಿಯುವುದು ಹಡಗಿನಲ್ಲಲ್ಲ, ಹಳ್ಳಿಯಲ್ಲಿ, ಕಾಜಲ್‌ನಲ್ಲಿ ಹಳೆಯ ಅಪುವನ್ನು ಕಾಣುವ ರಾಣುವಿನ ಕಣ್ಣಿನಲ್ಲಿ.

ಅನುವಾದದ ಬಗ್ಗೆ ಒಂದೆರಡು ಮಾತು. ಇಂಗ್ಲಿಷಿನಲ್ಲಿ ‘ಅಪರಾಜಿತೊ’ ಗೋಪಾ ಮಜುಂದಾರ್ ಅವರ ಅನುವಾದದಲ್ಲಿದೆ, ಸರಾಗವಾಗಿ ಓದಿಸಿಕೊಳ್ಳುತ್ತದೆ. ಎರಡು ಪುಸ್ತಕ ಎರಡು ಕೈಗಳಿಂದ ಬಂದಿರುವುದರಿಂದ ಹೆಸರುಗಳಲ್ಲಿ ತಡವರಿಸಬೇಕಾಗಬಹುದು. ಕ್ಲಾರ್ಕ್–ಮುಖರ್ಜಿ ಅನುವಾದದಲ್ಲಿ ಅಪು ‘ಒಪು’ ಆಗಿದ್ದಾನೆ, ಹರಿಹರ ‘ಹೊರಿಹೊರ್’, ಸರ್ಬಜಯಾ ‘ಶೊರ್ಬೊಜೊಯಾ’. ಯಾವ ಭಾಷೆಯ ಅನುವಾದ ಆರಿಸಿದರೂ ಕೊಳ್ಳುವ ಮೊದಲು ಎರಡು ಕಡೆ ತೆರೆದು ನೋಡಿ. ಪರಿವಿಡಿ ಅಥವಾ ಮುನ್ನುಡಿಯಲ್ಲಿ ಸಂಗ್ರಹ ಎಂಬ ಮಾತಿದ್ದರೆ ಕೆಳಗಿಡಿ. ಬಾಲ್ಯದ ಯಾವುದಾದರೊಂದು ಪುಟದಲ್ಲಿ ಗಿಡಮರಗಳಿಗೆ ಹೆಸರಿದೆಯೇ, ಎಲ್ಲವೂ ‘ಕಾಡುಹೂ’ ಆಗಿಬಿಟ್ಟಿದೆಯೇ ಎಂದು ನೋಡಿ. ಬಿಭೂತಿಭೂಷಣರಲ್ಲಿ ಘೇಂಟು, ಸೋಂದಾಲಿ, ಬನಕಲ್ಮಿ ಎಂದು ಹೆಸರು ಹಿಡಿದು ಕರೆಯದ ಗಿಡ ಕಡಿಮೆ. ಹೆಸರು ಕಳೆದುಕೊಂಡ ಅನುವಾದದಲ್ಲಿ ಊರಿಗೆ ಮರಳುವ ಭಾಗ ಪೂರ್ತಿ ಸಪ್ಪೆ.

ಮುಗಿಸಿದ ಮೇಲೆ ಮುಂದೇನು ಎಂದು ಹುಡುಕುವವರಿಗೆ ‘ಕಾಜಲ್’ ಎಂಬ ಕಾದಂಬರಿ ಸಿಗುತ್ತದೆ. ಅದನ್ನು ಬರೆದವರು ಬಿಭೂತಿಭೂಷಣರ ಮಗ ತಾರಾದಾಸ್, ತಂದೆ 1950ರಲ್ಲಿ ತೀರಿಕೊಂಡಾಗ ಮೂರು ವರ್ಷದವರು. ಅಪ್ಪ ಬಿಟ್ಟುಹೋದ ಹುಡುಗನ ಕಥೆಯನ್ನು ಮುಂದುವರಿಸಲು ಅವರಿಗೆ ಬೇರೆಯವರಿಗಿಲ್ಲದ ಹಕ್ಕಿತ್ತು. ಆದರೆ ‘ಅಪರಾಜಿತೊ’ ಮುಗಿಸಿದ ಮರುದಿನವೇ ಅದಕ್ಕೆ ಕೈ ಹಾಕಬೇಡಿ. ತಂದೆಯ ದನಿ ಕಿವಿಯಲ್ಲಿ ಇರುವಾಗ ಮಗನ ದನಿಗೆ ನ್ಯಾಯ ಸಿಗುವುದಿಲ್ಲ. ಕೆಲವು ತಿಂಗಳು ಬಿಟ್ಟು, ಬೇರೆ ಲೇಖಕರ ಬೇರೆ ಪುಸ್ತಕ ಎಂದುಕೊಂಡೇ ತೆರೆಯಿರಿ.